ಹತ್ತಕ್ಕೆ ಕೂಡದ ಹನ್ನೊಂದು

ಬೆಳಗಿನ ಆರಕ್ಕೆ ಸಾವಂತ್ರಮ್ಮ ಶೆಡ್ಡಿನ ಕೀಲಿ ತೆಗೆಯುತ್ತಾರೆ. ಮೊದಲು ಗೋಡೆಯ ಬುಡದಲ್ಲಿ ಬೆರಳಾಡಿಸಿ, ಗೆದ್ದಲು ಮಣ್ಣು ಏರಿದೆಯೇ ಎಂದು ನೋಡುತ್ತಾರೆ. ಆಮೇಲೆ ತಗಡಿನ ಪೆಟ್ಟಿಗೆಯೊಂದನ್ನು ಬೆಂಚಿನ ಮೇಲಿಟ್ಟು, ಅದರೊಳಗಿನ ಕಲ್ಲುಗಳನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಾರೆ. ಧೂಳು ಹೋದದ್ದೇ ತಡ, ಬೂದು ಕಲ್ಲಿನಲ್ಲಿ ಬಿಳಿಯ ಬೆಣಚು, ಅದರ ನಡುವೆ ಸೂಜಿಗಳ ಕಂತೆಯಂಥ ಹೊಳಪು ಕಾಣಿಸಿಕೊಳ್ಳುತ್ತದೆ.

"ಇದು ಸುರ್ಮಾ ಕಲ್ರಿ. ಉಗುರು ತಾಗಿದ್ರೂ ಗೀರು ಬೀಳ್ತೈತಿ. ಕೈಯಾಗ ಭಾರ ಅನ್ನಿಸೋದು ಸೀಸ, ಬೆಲ್ಲದ ಬಣ್ಣದ್ದು ಸತು" ಎನ್ನುತ್ತಾರೆ. ಸುರ್ಮಾ ಕಲ್ಲು ಎಂದರೆ ಆಂಟಿಮನಿ ಎಂಬ ಲೋಹದ ಅದಿರು.

ಕುರುಗೋಡಿನಲ್ಲಿ ಬಸ್ಸಿಳಿದು ನಾಲ್ಕು ಕಿಲೋಮೀಟರ್ ನಡೆದರೆ ಹದ್ದಿನಗುಡ್ಡ. ಅದರ ಬುಡದಲ್ಲಿದೆ ಈ ಶೆಡ್ಡು. ಕೋಟಿಗಟ್ಟಲೆ ವರ್ಷಗಳ ಹಿಂದೆ ಗುಡ್ಡದ ಬಿರುಕುಗಳಲ್ಲಿ ಏರಿ ಬಂದ ಬಿಸಿನೀರು, ತಣಿಯುವಾಗ ಬೆಣಚಿನ ಜೊತೆ ಈ ಮೂರು ಅದಿರನ್ನು ಬಿಟ್ಟುಹೋಗಿದೆ. ಅದನ್ನು ಹುಡುಕಿ ಹಿಂದೊಮ್ಮೆ ಭೂವಿಜ್ಞಾನ ಇಲಾಖೆಯವರು ಇಲ್ಲಿ ಕ್ಯಾಂಪು ಹಾಕಿ ಒಂಬತ್ತು ಕಡೆ ಕೊರೆದರು. ಕೊಳವೆಯಲ್ಲಿ ಕೋಲಿನಂತೆ ಬಂದ ಕಲ್ಲನ್ನು ಪೆಟ್ಟಿಗೆಗೆ ಆರು ಮೀಟರಿನಂತೆ, ಆಳದ ಕ್ರಮದಲ್ಲಿ ಜೋಡಿಸಿದರು. ಅದಿರಿನ ಪಟ್ಟಿ ತೆಳು, ಆಗ ಅದಕ್ಕೆ ಬೆಲೆಯೂ ಇರಲಿಲ್ಲ. ಕ್ಯಾಂಪು ಎದ್ದುಹೋಯಿತು. ಉಳಿದದ್ದು ಇನ್ನೂರ ಹನ್ನೆರಡು ಪೆಟ್ಟಿಗೆ ಮತ್ತು ಒಂದು ಕೀಲಿ.

ಕೀಲಿ ಇದ್ದದ್ದು ಕೊರೆಯುವ ಯಂತ್ರದಲ್ಲಿ ಕೆಲಸ ಮಾಡುತ್ತಿದ್ದ ಪತಿ ಕೊಟ್ಟೂರಪ್ಪನವರ ಕೈಯಲ್ಲಿ. ಅವರು ಸಿರುಗುಪ್ಪದ ಅಕ್ಕಿ ಗಿರಣಿಗೆ ಸೇರಿದಾಗ, ಎರಡು ತಿಂಗಳು ನೋಡಿಕೋ ಎಂದು ಹೆಂಡತಿಗೆ ಕೊಟ್ಟು ಹೋದರು. ಇದು ಇಪ್ಪತ್ತಾರು ವರ್ಷದ ಹಿಂದಿನ ಮಾತು. "ಆ ಎರಡು ತಿಂಗಳು ಇನ್ನೂ ಮುಗಿದಿಲ್ರಿ" ಎಂದು ಸಾವಂತ್ರಮ್ಮ ನಗುತ್ತಾರೆ. ದಿನಕ್ಕೆ ಎಂಟು ಪೆಟ್ಟಿಗೆ, ಇಪ್ಪತ್ತೇಳು ದಿನಕ್ಕೆ ಒಂದು ಸುತ್ತು. ಎರಡು ಸಲ ಚೇಳು ಕಡಿದಿದೆ. ಗುತ್ತಿಗೆದಾರರು ನಾಲ್ವರು ಬದಲಾಗಿದ್ದಾರೆ. ಹಾಜರಿ ಪುಸ್ತಕದಲ್ಲಿ ಮಾತ್ರ ಆಕೆಯ ಹೆಸರಿಲ್ಲ. 'ಕಾವಲು, ಒಬ್ಬರು' ಎಂದಷ್ಟೇ ಇದೆ.

ಆಂಟಿಮನಿಗೆ ಈಗ ಮತ್ತೆ ಬೇಡಿಕೆ ಬಂದಿದೆ. ಕಳೆದ ತಿಂಗಳು ಬಳ್ಳಾರಿಯಿಂದ ಭೂವಿಜ್ಞಾನಿ ವಿಶ್ವಪ್ರಿಯ ತಂಡದೊಂದಿಗೆ ಬಂದು ಏಳನೇ ಕೊರೆತದ ಹನ್ನೊಂದನೇ ಪೆಟ್ಟಿಗೆ ತೆರೆಸಿದರು. ಅರವತ್ತು ಮೀಟರಿನ ಕೆಳಗೆ ಒಳ್ಳೆಯ ಅದಿರಿದೆ ಎನ್ನುತ್ತದೆ ಹಳೆಯ ದಾಖಲೆ. ಪೆಟ್ಟಿಗೆಯಲ್ಲಿದ್ದದ್ದು ಬರೀ ಬೂದು ಕಲ್ಲು.

"ದಾಖಲೆನ ಸುಳ್ಳು ಇದ್ದಂಗ ಐತಿ. ಹಂಗಿದ್ರ ಉಳಿದ ಎಂಟು ಕೊರೆತ ಹೆಂಗ ನಂಬೋದು? ಈ ಕಲ್ಲು ಇಟ್ಕೊಂಡೂ ಉಪಯೋಗ ಇಲ್ಲ" ಎಂದರು ವಿಶ್ವಪ್ರಿಯ.

ಮೊಣಕಾಲು ನೋವೆಂದು ಗಿರಣಿ ಬಿಟ್ಟು ಮನೆಯಲ್ಲಿರುವ ಕೊಟ್ಟೂರಪ್ಪ ಇದನ್ನು ಕೇಳಿ ಕೆಂಡವಾದರು. "ನಾವು ಕೊರದದ್ದು ಸುಳ್ಳಂತ? ಅವ ಹುಟ್ಟಿದ್ನೇನು ಆಗ?"

ಸಾವಂತ್ರಮ್ಮ ವಾದಕ್ಕೆ ಹೋಗಲಿಲ್ಲ. ಮರುದಿನ ಬೆಳಗ್ಗೆ ಹತ್ತನೇ ಪೆಟ್ಟಿಗೆಯ ಕೊನೆಯ ತುಂಡನ್ನೂ ಹನ್ನೊಂದರ ಮೊದಲ ತುಂಡನ್ನೂ ಕೈಗೆತ್ತಿಕೊಂಡರು. ಒಂದೇ ಕಲ್ಲು ಮುರಿದ ಎರಡು ಮುಖಗಳು ಒಂದಕ್ಕೊಂದು ಕೂತೇ ಕೂರುತ್ತವೆ. ಇವು ಕೂರಲಿಲ್ಲ. ಉಳಿದ ಪೆಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿ ನೋಡಿದರು. ಹತ್ತಕ್ಕೆ ಕೂತದ್ದು ಹದಿನಾರನೆಯದು. ಅದರೊಳಗೆ ಸುರ್ಮಾ ಕಲ್ಲಿತ್ತು.

ಆಗ ನೆನಪಾಯಿತು. ಹನ್ನೆರಡು ವರ್ಷದ ಹಿಂದೆ ಗೆದ್ದಲು ತಿಂದ ಮರದ ಪೆಟ್ಟಿಗೆಗಳಿಂದ ಕಲ್ಲನ್ನು ತಗಡಿನವಕ್ಕೆ ಬದಲಿಸಿದ್ದು ಆಕೆಯೇ. ಒಂದು ಸಲಕ್ಕೆ ಒಂದೇ ಪೆಟ್ಟಿಗೆ ಬಿಚ್ಚಬೇಕೆಂಬುದು ಕೊಟ್ಟೂರಪ್ಪ ಕಲಿಸಿದ ನಿಯಮ. ಅಂದು ಮಳೆ ಸೋರಿ, ಅವಸರದಲ್ಲಿ ಎರಡನ್ನು ಒಟ್ಟಿಗೆ ಗೋಣಿಯ ಮೇಲೆ ಸುರುವಿದ್ದರು; ತುಂಬುವಾಗ ಒಂದರ ಕಲ್ಲು ಇನ್ನೊಂದರ ಪೆಟ್ಟಿಗೆ ಸೇರಿತ್ತು. ಅದಾದ ಮೇಲೆ ದಿನವೂ ಪೆಟ್ಟಿಗೆಯೊಳಗೆ ತುಂಡಿಗೆ ತುಂಡು ಕೂಡಿಸಿ ನೋಡಿದವರು, ಪೆಟ್ಟಿಗೆಗೆ ಪೆಟ್ಟಿಗೆ ಕೂಡಿಸಿ ನೋಡಿರಲಿಲ್ಲ.

"ಸುಮ್ನಿರಲೇ, ಹೇಳಿದ್ರ ಕೀಲಿ ಕಸ್ಕೊಂತಾರ" ಎಂದರು ಗಂಡ.

"ಕಸ್ಕೊಳ್ಳಲಿ. ನಾನು ಸುಮ್ನಿದ್ರ ಸುಳ್ಳು ಆಗೋದು ನೀವು ಕೊರದ ಕಲ್ಲು" ಎಂದು ವಿಶ್ವಪ್ರಿಯರ ಬಳಿಗೆ ಎದ್ದು ಹೊರಟರು.

ವಿಶ್ವಪ್ರಿಯ ಎರಡು ತುಂಡನ್ನು ತಾವೇ ಕೂಡಿಸಿದರು. ಕೂದಲು ತೂರದಷ್ಟು ಬಿಗಿಯಾಗಿ ಕೂತವು. ಪರೀಕ್ಷೆಗೆಂದು ಕಲ್ಲು ಸೀಳಲು ತಂಡ ತಂದಿದ್ದ ಗರಗಸ ನಾಲ್ಕು ದಿನ ನಿಂತಿತು. ಇಬ್ಬರೂ ಸೇರಿ ಪ್ರತಿ ಪೆಟ್ಟಿಗೆಯ ಕೊನೆಯ ತುಂಡಿಗೆ ಮುಂದಿನದರ ಮೊದಲ ತುಂಡು ಹಿಡಿದು ನೋಡಿದರು. "ಇನ್ನೂರ ಹತ್ತು ಸರಿ ಅದಾವು" ಎನ್ನುವಾಗ ಸಾವಂತ್ರಮ್ಮನ ಬೆನ್ನು ನೆಟ್ಟಗಾಗುತ್ತದೆ.

ಕೀಲಿ ಅವರ ಸೊಂಟದಲ್ಲೇ ಇದೆ. ಚಾವಣಿಯ ಸೋರುವ ತಗಡೊಂದನ್ನು ಬದಲಿಸಿಕೊಟ್ಟರೆ ಸಾಕು, ಬೇರೇನೂ ಬೇಡವಂತೆ. ಪೆಟ್ಟಿಗೆಗಳು ಅದಲುಬದಲಾದ ಸಂಗತಿಯನ್ನು ವರದಿಗೆ ಸೇರಿಸುವಾಗ, "ಹೆಸರು ಬಿಡ್ಲೇನಮ್ಮ? ತಪ್ಪು ಯಾರದು ಅಂತ ಬರಿಯೋದು ಬ್ಯಾಡ" ಎಂದಿದ್ದರು ವಿಶ್ವಪ್ರಿಯ.

ಸಾವಂತ್ರಮ್ಮ ಒಪ್ಪಿಲ್ಲ. "ಬರೀರಿ ಸರ. ತಪ್ಪು ಮಾಡಿದಾಕಿನೂ ನಾನ, ಹಿಡದಾಕಿನೂ ನಾನ. ಒಂದ ಹೆಸರು ಬರದ್ರ ಎರಡಕ್ಕೂ ಆಗ್ತೈತಿ."