ಲೆಕ್ಕದ ಮಳೆಗೆ ಛತ್ರಿ

ಗಜೇಂದ್ರಗಡದಲ್ಲಿ ನಾನು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದಾಗ, ರೋಣದ ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸುವ ಮಾಸ್ತರೊಬ್ಬರು ಪ್ರತಿ ರವಿವಾರ ಮೊದಲ ಬಸ್ಸಿಗೆ ಬರುತ್ತಿದ್ದರು. ಫುಟ್‌ಬಾಲಿನಂತೆ ದುಂಡಗಿರುವ ಇಂಗಾಲದ ಅಣುವೊಂದು ವಿಕಿರಣದ ಪೆಟ್ಟಿಗೆ ಹೇಗೆ ಒಡೆಯುತ್ತದೆ ಎಂಬುದು ಅವರ ಪಿಎಚ್‌ಡಿ ವಿಷಯ. ನನ್ನ ಕ್ಲಾಸಿನ ಮೂಲೆಯ ಕಂಪ್ಯೂಟರು ಅದನ್ನು ಬರೀ ಲೆಕ್ಕ ಹಾಕಿ ಪರದೆಯ ಮೇಲೆ ತೋರಿಸುತ್ತಿತ್ತು. ಯಾರು ಕೇಳಿದರೂ ಮಾಸ್ತರು ಹತ್ತೂ ಬೆರಳು ಹೆಣೆದು ಚೆಂಡು ಮಾಡಿ, ಎರಡೂ ಹೆಬ್ಬೆರಳು ಪಟ್ಟನೆ ಹೊರಚಾಚಿ, “ಮದ್ಲ ಎರಡು ಕಣ ಹಾರ್ತಾವ ನೋಡ್ರಿ” ಎನ್ನುತ್ತಿದ್ದರು.

ಮಾತು ಓಣಿಗೆ ಬಿತ್ತು. “ಅಲ್ಲಿ ರೇಡಿಯೇಶನ್ ಬಿಡ್ತಾರಂತ, ಮುಂದ ಮಕ್ಕಳಾಗಂಗಿಲ್ಲಂತ” ಎಂದು ಮನೆಯವರು ಹುಡುಗಿಯರನ್ನು ಕ್ಲಾಸು ಬಿಡಿಸತೊಡಗಿದರು. “ಲೆಕ್ಕದಾಗಿನ ಮಳಿಗೆ ಛತ್ರಿ ಬ್ಯಾಡ್ರಿ” ಎಂದು ಮಾಸ್ತರು ಚಹಾದಂಗಡಿಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಸಿಕ್ಕಸಿಕ್ಕವರಿಗೆ ಹೇಳಿದರು. ಯಾರೂ ನಂಬಲಿಲ್ಲ.

“ಸರ್, ಹಿಂಗಾದ್ರ ನಾ ಕ್ಲಾಸ್ ಮುಚ್ಚಬೇಕಾಗ್ತದ್ರಿ” ಎಂದೆ.

ಮುಂದಿನ ರವಿವಾರ ಅವರು ತುಂಬು ಬಸುರಿ ಹೆಂಡತಿಯನ್ನು ಕರೆತಂದು ಅದೇ ಕಂಪ್ಯೂಟರಿನ ಮುಂದೆ ಕೂಡಿಸಿದರು. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ಆಕೆ ಗಿರ್ಮಿಟ್ ತಿನ್ನುತ್ತ ಪರದೆ ನೋಡಿ, “ಇಷ್ಟಕ್ಕ ರವಿವಾರ ಮನ್ಯಾಗ ಇರಂಗಿಲ್ಲೇನ್ರಿ?” ಎಂದರು. ಬಾಗಿಲಲ್ಲಿ ನಗು ಎದ್ದಿತು. ಮರುದಿನದಿಂದ ಹುಡುಗಿಯರು ಒಬ್ಬೊಬ್ಬರಾಗಿ ಮರಳಿದರು.

ಬಾಗಿಲಲ್ಲಿದ್ದವರಿಗೆ ಕಾಣದ್ದೊಂದು ನನಗೆ ಕಂಡಿತ್ತು. ಪರದೆಯ ಮೇಲೆ ಅಣು ಒಡೆದು ಮೊದಲ ಎರಡು ಕಣ ಹಾರಿದಾಗ, ಮಾಸ್ತರು ಹೆಂಡತಿಯ ಕುರ್ಚಿಯನ್ನು ಮೆಲ್ಲಗೆ ಒಂದು ಗೇಣು ಹಿಂದಕ್ಕೆ ಎಳೆದರು.