ಅಪ್ಪಚ್ಚಿಯಾಗದ ನಿಂಬೆಹಣ್ಣು

ನನ್ನ ಗಂಡನಿಗೆ ಇಳಿಜಾರು ಕಂಡರೆ ಆಗದು. ಕಾಲೇಜಿನಲ್ಲಿದ್ದಾಗ ಘಾಟಿಯೊಂದರಲ್ಲಿ ಅವನಿದ್ದ ಬಸ್ಸಿನ ಬ್ರೇಕ್ ಕೈಕೊಟ್ಟಿತ್ತಂತೆ. ಡ್ರೈವರ್ ಜಾಣ, ಬಸ್ಸನ್ನು ಗುಡ್ಡಕ್ಕೆ ಒರಗಿಸಿ ಎಲ್ಲರನ್ನೂ ಉಳಿಸಿದ. ಅಂದಿನಿಂದ ಇವನು ಬೆಟ್ಟದ ರಸ್ತೆಯಲ್ಲಿ ಯಾವ ಗಾಡಿಯನ್ನೂ ಹತ್ತಿದವನಲ್ಲ. ಇಬ್ಬರೂ ಸಂಶೋಧನೆಗೆಂದು ಜಪಾನಿನ ನೋಮಿ ಎಂಬ ಊರಿಗೆ ಬಂದು ನಾಲ್ಕು ವರ್ಷವಾಗಿತ್ತು. ಕಿಟಕಿ ತೆರೆದರೆ ಬೆಟ್ಟ. ನಾವು ನೋಡಿದ್ದು ಮಾತ್ರ ರೈಲು ನಿಲ್ಲುವ ಊರುಗಳನ್ನು.

ನನಗೋ ಬೆಟ್ಟದ ಮೇಲೆ ಮಲಗಿ ಏಳುವ ಹುಚ್ಚು. ಪಕ್ಕದ ಮನೆಯ ಅಜ್ಜ ತಮ್ಮ ಹಳೆಯ ಕ್ಯಾಂಪಿಂಗ್ ಟ್ರೈಲರ್ ಮಾರುತ್ತಾರೆಂದು ತಿಳಿದದ್ದೇ ತಡ, ಗಂಡನನ್ನು ಕೇಳದೆ ಹೂಂ ಅಂದುಬಿಟ್ಟೆ. ನಮ್ಮ ವ್ಯಾನಿನ ಹಿಂದೆ ಕಟ್ಟಿ ಎಳೆಯುವ, ಎರಡು ಚಕ್ರದ ಪುಟ್ಟ ಮನೆ ಅದು. ಅದನ್ನು ಎಳೆಯಲು ಬೇಕಾದ ಲೈಸೆನ್ಸಿಗೆ ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದೆ. ಗಂಡ ಒಂದೇ ಷರತ್ತು ಹಾಕಿದ.

"ಅದಕ್ಕೂ ಸರಿಯಾಗಿ ಬ್ರೇಕ್ ಹಿಡೀಬೇಕು. ನಾನೇ ಕಣ್ಣಾರೆ ನೋಡ್ಬೇಕು. ಇಲ್ಲಾಂದ್ರೆ ನೀನೊಬ್ಳೇ ಹೋಗ್ಬಾ."

ಒಬ್ಬಳೇ ಹೋಗುವುದಾದರೆ ಇಷ್ಟೆಲ್ಲ ಯಾಕೆ ಬೇಕಿತ್ತು?

ಟ್ರೈಲರಿನ ಬ್ರೇಕ್ ಕರೆಂಟಿನದು. ವ್ಯಾನಿನಲ್ಲಿ ಪೆಡಲ್ ಒತ್ತಿದ್ದು ಹಿಂದಿನ ಚಕ್ರಗಳಿಗೆ ತಿಳಿಯಬೇಕಾದರೆ ಡ್ಯಾಶ್‌ಬೋರ್ಡಿನ ಕೆಳಗೆ ಕಂಟ್ರೋಲರ್ ಎಂಬ ಅಂಗೈಯಗಲದ ಪೆಟ್ಟಿಗೆ ಕೂರಿಸಬೇಕು. ಅದಕ್ಕೆ ನಾಲ್ಕೇ ವೈರು. ಒಂದು ಬ್ಯಾಟರಿಗೆ, ಒಂದು ವ್ಯಾನಿನ ಮೈಗೆ, ಒಂದು ಟ್ರೈಲರಿಗೆ, ಕೆಂಪನೆಯದು ಪೆಡಲಿನ ಸ್ವಿಚ್ಚಿಗೆ. ಲ್ಯಾಬಿನಲ್ಲಿ ಕೂದಲಿಗಿಂತ ತೆಳುವಾದ ತಂತಿ ಬೆಸೆಯುವವಳು ನಾನು, ಇದ್ಯಾವ ಮಹಾ ಎಂದುಕೊಂಡೆ. ಭಾನುವಾರ ಬೆಳಿಗ್ಗೆ ಅಂಗಾತ ಮಲಗಿ ಸ್ಟೀರಿಂಗಿನ ಕೆಳಗೆ ತಲೆ ತೂರಿಸಿದೆ. ಟೆಸ್ಟರ್ ಹಚ್ಚಿ ನೋಡು ಎಂದು ಗಂಡ ಮೂರು ಸಲ ಹೇಳಿದ. ನನಗೆ ಕೋಪ ಮೂಗಿನ ತುದಿಯಲ್ಲೇ.

"ನೀನು ಪಿಎಚ್‌ಡಿ ಮಾಡಿರೋದು ಪ್ರೋಟೀನ್ ಮೇಲೆ ಕಣೋ, ಸುಮ್ನಿರು" ಎಂದೆ.

ನಿಂಬೆಹಣ್ಣಿಡದೆ ನಮ್ಮಲ್ಲಿ ಯಾವ ಹೊಸ ಗಾಡಿ ಹೊರಡುತ್ತದೆ? ಸೂಪರ್‌ಮಾರ್ಕೆಟ್ಟಿನ ದಪ್ಪ ಸಿಪ್ಪೆಯ ಹಣ್ಣುಗಳನ್ನೇ ಗಂಡ ವ್ಯಾನಿನ ನಾಲ್ಕು, ಟ್ರೈಲರಿನ ಎರಡು ಚಕ್ರಗಳ ಮುಂದೆ ಇಟ್ಟ. ಬೇಲಿಯಾಚೆ ನಿಂತಿದ್ದ ಅಜ್ಜ ಯಾಕೆಂದು ಕೇಳಲಿಲ್ಲ. 'ನರುಹೊದೊ', ಅಂದರೆ 'ಓ, ಹಾಗೋ', ಎಂದಷ್ಟೇ ಹೇಳಿ ತಲೆಯಾಡಿಸಿದರು. ನಾನು ಹೊರಟೆ. ವ್ಯಾನ್ ಮುಲುಗುತ್ತಾ ಒಂದು ಮಾರು ಸಾಗಿ, ತನ್ನ ನಾಲ್ಕೂ ಹಣ್ಣುಗಳನ್ನು ಅಪ್ಪಚ್ಚಿ ಮಾಡಿತು.

"ನಿಲ್ಸು ನಿಲ್ಸು" ಎಂದು ಗಂಡ ಕೂಗಿದ. "ಟ್ರೈಲರಿನ ಚಕ್ರ ತಿರುಗ್ತಾನೇ ಇಲ್ಲ ಕಣೇ. ಹಣ್ಣನ್ನ ತಳ್ಕೊಂಡು ಬರ್ತಿದೆ."

ಇಳಿದು ನೋಡಿದೆ. ಜಲ್ಲಿಯ ಮೇಲೆ ಎರಡು ಗೀರು, ಅವುಗಳ ತುದಿಯಲ್ಲಿ ಎರಡು ಇಡೀ ನಿಂಬೆಹಣ್ಣು. ಪೆಡಲಿನ ಸ್ವಿಚ್ಚಿನಲ್ಲಿ ಎರಡು ವೈರುಗಳಿರುತ್ತವೆ. ಒಂದರಲ್ಲಿ ಸದಾ ಕರೆಂಟು, ಇನ್ನೊಂದರಲ್ಲಿ ಕಾಲಿಟ್ಟಾಗ ಮಾತ್ರ. ನಾನು ಸದಾ ಕರೆಂಟಿರುವುದಕ್ಕೆ ಜೋಡಿಸಿದ್ದೆ. ಪಾಪ, ಟ್ರೈಲರ್ ಬ್ರೇಕ್ ಹಿಡಿದೇ ಕೂತಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆಯಲ್ಲಿ ನಾನೂ ಸೇರಿದ್ದೇನೆ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇನ್ನು ಇವನು ಖಂಡಿತ ಬರುವುದಿಲ್ಲವೆಂಬ ಚಿಂತೆ ಹತ್ತಿತು.

ಅವನು ನಗುತ್ತಿದ್ದ.

"ಹಿಡಿಯೋದಂತೂ ಚೆನ್ನಾಗೇ ಹಿಡಿಯತ್ತೆ ಬಿಡು" ಎಂದು ಟೆಸ್ಟರ್ ಕೈಗಿತ್ತ.

ಈ ಸಲ ಅವನು ಟಾರ್ಚ್ ಹಿಡಿದ, ನಾನು ಬಾಯಿ ಮುಚ್ಚಿಕೊಂಡು ವೈರು ಬದಲಿಸಿದೆ. ಪೆಡಲ್ ಬಿಟ್ಟರೆ ಚಕ್ರ ತಿರುಗಿದವು, ಒತ್ತಿದರೆ ನಿಂತವು. ನಂಬದೆ ಹತ್ತು ಸಲ ಮಾಡಿಸಿದ. ಹಣ್ಣುಗಳು ಮೊದಲನೆಯ ಸಲಕ್ಕೇ ಸತ್ತಿದ್ದವು.

ಮುಂದಿನ ಶನಿವಾರ ಬೆಟ್ಟ ಹತ್ತಿದೆವು. ಹತ್ತುವುದೇನೋ ಸರಿ, ಅವನ ಭಯವಿದ್ದದ್ದು ಇಳಿಯುವುದರಲ್ಲಿ. ಮರುದಿನ ಮೊದಲ ತಿರುವಿನಲ್ಲಿ ಅವನ ಬಲಗಾಲು ನೆಲವನ್ನು ಒತ್ತಿತು. ಎರಡನೆಯದರಲ್ಲೂ ಒತ್ತಿತು. ಆಮೇಲೆ ನಾನು ರಸ್ತೆ ಬಿಟ್ಟು ಬೇರೇನೂ ನೋಡಲಿಲ್ಲ.

"ಹಿಡೀತಿದೆ ಕಣೋ. ಗೊತ್ತಾಗ್ತಿದೆಯಾ?" ಎಂದೆ.

ನೇರ ರಸ್ತೆ ಸಿಕ್ಕಾಗ ತಿರುಗಿ ನೋಡಿದೆ. ಕಿಟಕಿಗೆ ತಲೆ ಆನಿಸಿ, ಬಾಯಿ ತೆರೆದು, ಅವನು ಗೊರಕೆ ಹೊಡೆಯುತ್ತಿದ್ದ. ಮದುವೆಯಾದಾಗಿನಿಂದ ಆ ಗೊರಕೆಯನ್ನು ಬೈಯುತ್ತಲೇ ಬಂದವಳು, ಅಂದು ಬೆಟ್ಟ ಇಳಿಯುವವರೆಗೂ ಅದನ್ನೇ ಕೇಳಿಕೊಂಡು ಬಂದೆ.