ಎರಡು ತುಂಡಿನ ಮುಂಡಿಗೆ ನಾನು ಹಾಕಿದ ಹೊಲಿಗೆ

"ತಿರುವನಂತಪುರದ ನಡುರಸ್ತೆಯಲ್ಲಿ ಮೂರು ಇಟ್ಟಿಗೆ ಇಟ್ಟು ಪಾಯಸ ಮಾಡಲು ರೈಲಿನಲ್ಲಿ ಹೋಗುತ್ತಿದ್ದೇವೆ. ಮೇಡಂ ಬರ್ತೀರಾ?"

ಮೇಲಿನ ಮಹಡಿಯ ಓಮನ ಚೇಚಿ, ಎಂದರೆ ಓಮನ ಅಕ್ಕ, ಲಿಫ್ಟಿನಲ್ಲಿ ಹೀಗೆ ಕೇಳಿದಾಗ, ನಾಲ್ಕನೇ ಮಹಡಿ ಬಂದರೂ ನನಗೆ ಇಳಿಯುವುದು ತೋಚಲಿಲ್ಲ. ಅಲ್ಲಿನ ಆಟ್ಟುಕಾಲ್ ದೇವಿಗೆ ವರ್ಷಕ್ಕೊಮ್ಮೆ ಪೊಂಗಾಲ, ಎಂದರೆ ಉಕ್ಕುವುದು. ಅಂದು ಊರಿನ ರಸ್ತೆಗಳೆಲ್ಲ ಹೆಂಗಸರ ಪಾಲು. ಬ್ಯಾಂಕಿನ ಮೆಟ್ಟಿಲೆದುರು, ಬಸ್ ನಿಲ್ದಾಣದ ಬಾಗಿಲಲ್ಲಿ, ಎಲ್ಲಿ ನೋಡಿದರೂ ಒಲೆ. ನಮ್ಮ ಧಾರವಾಡದಲ್ಲಿ ರಸ್ತೆ ಮಧ್ಯೆ ಒಲೆ ಹಚ್ಚಿದರೆ ಮೊದಲು ಪೊಲೀಸರು ಬರುತ್ತಾರೆ. ಅಲ್ಲಿಯೂ ಬರುತ್ತಾರಂತೆ, ನೀರಿನ ಬಾಟಲಿ ಹಂಚಲು.

ಬ್ಯಾಂಕಿನ ವರ್ಗಾವಣೆ ನನ್ನನ್ನು ಎರ್ನಾಕುಲಕ್ಕೆ ತಂದು ಹಾಕಿ ಮೂರನೇ ವರ್ಷ. ಬರುವ ಮೊದಲು ನಾನು ಮಾಡಿಟ್ಟುಕೊಂಡಿದ್ದ ಚಿಂತೆಗಳು ಒಂದೂ ಉಪಯೋಗಕ್ಕೆ ಬರಲಿಲ್ಲ. ಮನೆ ಸಿಕ್ಕಿತು, ದಪ್ಪ ಕುಚ್ಚಲಕ್ಕಿ ಅನ್ನ ಹೊಟ್ಟೆಗೆ ಒಗ್ಗಿತು, ಜೋಳದ ಹಿಟ್ಟು ಊರಿನಿಂದ ಬರುತ್ತದೆ. ಮಗಳಂತೂ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವಷ್ಟು ಇಲ್ಲಿಯವಳಾದಳು. ನಾನು ಎಣಿಸಿರದ ತೊಂದರೆ ಒಂದೇ: ಮರ್ಯಾದೆ. ನಮ್ಮ ಫ್ಲಾಟಿನ ಹೆಂಗಸರು ಒಬ್ಬರನ್ನೊಬ್ಬರು ಗದರುತ್ತಾರೆ, ಅಣಕಿಸುತ್ತಾರೆ, "ಎಡೀ" ಎಂದು ಕೂಗಿ ಕರೆಯುತ್ತಾರೆ. ಈ ಎಡೀ ನಮ್ಮ ಕಡೆಯ "ಏನಬೇ" ಇದ್ದಂತೆ. ಸಲಿಗೆ ಇದ್ದವರಿಗೆ ಮಾತ್ರ. ನಾನು ಹೋದ ಕೂಡಲೇ ಎಲ್ಲರೂ ಸುಮ್ಮನಾಗಿ, ಇದ್ದುದರಲ್ಲಿ ಒಳ್ಳೆಯ ಕುರ್ಚಿ ಎಳೆದು, "ಇರಿಕ್ಕೂ ಮೇಡಂ" ಎನ್ನುತ್ತಾರೆ. ಧಾರವಾಡದಲ್ಲಿ ಬೈಯುವವರು ನಾಲ್ಕು ಜನ ಇಲ್ಲದಿದ್ದರೆ ಅಂಥವಳನ್ನು ಅನಾಥೆ ಎನ್ನುತ್ತೇವೆ. ಮೂರು ವರ್ಷ ಆ ಕುರ್ಚಿಯಲ್ಲಿ ಕೂತು ನನಗೆ ಸಾಕಾಗಿತ್ತು. ಈ ಪ್ರವಾಸದಲ್ಲಾದರೂ ಮೇಡಂ ಎನ್ನುವುದು ಹೋಗಿ ನಾನು ಅವರಲ್ಲೊಬ್ಬಳಾಗಬೇಕು ಎಂದು ಆಸೆಪಟ್ಟೆ.

ಚೇಚಿ ಪೊಂಗಾಲಕ್ಕೆ ಉಡುವುದನ್ನೂ ಒಯ್ಯುವ ಚೀಲವನ್ನೂ ಪ್ರತಿ ವರ್ಷ ತಾವೇ ಹೊಲಿಯುತ್ತಾರೆ. "ನಾನೂ ಹೊಲಿದುಕೊಳ್ಳುತ್ತೇನೆ" ಎಂದುಬಿಟ್ಟೆ. ಅಲ್ಲಿಯವರೆಗೆ ನಾನು ಹೊಲಿದದ್ದು ಅಂಗಿಯ ಗುಂಡಿ, ಅದೂ ಗಂಡನ ಮೈಮೇಲೆ ಅಂಗಿ ಇದ್ದಾಗಲೇ, ಅದರ ಒಳಗಿನ ಬನಿಯನ್ನಿಗೂ ಸೇರಿಸಿ.

ಚೇಚಿಯ ಕಾಲು ತುಳಿಯುವ ಮಷೀನಿನ ಮುಂದೆ ಭಾನುವಾರಗಳು ಕಳೆದವು. ರವಿಕೆಗೆ ನಾನು ಹಚ್ಚಿದ ಎರಡೂ ತೋಳುಗಳು ಎಡಗೈಯವು.

"ನನ್ನಾಯಿಟ್ಟುಂಡ್ ಮೇಡಂ," ಚೆನ್ನಾಗಿದೆ, ಎಂದರು ಚೇಚಿ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ಮರುದಿನ ಹೋಗಿ ನೋಡಿದರೆ ಬಲತೋಳು ತಾನಾಗಿಯೇ ಬಲತೋಳಾಗಿತ್ತು. ಅವರು ಬಿಚ್ಚಿ ಹೊಲಿದಿದ್ದರು, ಹೇಳಿರಲಿಲ್ಲ. ಇದಕ್ಕಿಂತ ಅವರು ಕತ್ತರಿ ಎಸೆದಿದ್ದರೂ ನನಗೆ ಸಂತೋಷವಾಗುತ್ತಿತ್ತು.

ಚೀಲವನ್ನು ಹಳೆಯ ಪರದೆಯಲ್ಲಿ ಹೊಲಿದೆ. ನನ್ನ ಒಂದೊಂದು ಭಯಕ್ಕೂ ಒಂದೊಂದು ಜೇಬು: ಜ್ವರ ಬಂದರೆ, ಮಳೆ ಬಂದರೆ, ಕರೆಂಟು ಹೋದರೆ, ನಾನೇ ಕಳೆದುಹೋದರೆ. ಜೇಬಿನೊಳಗೆ ಜೇಬು ಬಂದು ಕೊನೆಗೆ ಚೀಲದಲ್ಲಿ ಜಾಗವೇ ಉಳಿಯಲಿಲ್ಲ. ಮಗಳು ಎತ್ತಿ ನೋಡಿ, "ಅಮ್ಮಾ, ಇದು ಬ್ಯಾಗಾಣೋ ಚಾಕ್ಕಾಣೋ?" ಎಂದಳು. ಚಾಕ್ಕ್ ಎಂದರೆ ಗೋಣಿಚೀಲ.

ಇನ್ನು ಸೆಟ್ಟು ಮುಂಡು. ಕೆನೆಬಣ್ಣದ, ಅಂಚು ಹಚ್ಚಿದ ಎರಡು ತುಂಡು ಬಟ್ಟೆ: ಒಂದನ್ನು ಸೊಂಟಕ್ಕೆ ಸುತ್ತಬೇಕು, ನೇರಿಯದ್ ಎಂಬ ಇನ್ನೊಂದನ್ನು ಸೆರಗಿನಂತೆ ಹೊದ್ದು ಒಂದು ತುದಿಯನ್ನು ಸಿಕ್ಕಿಸಬೇಕು. ಇಲ್ಲಿಯ ಹೆಂಗಸರು ಅದನ್ನುಟ್ಟು ಓಡುವ ಬಸ್ಸು ಹತ್ತುತ್ತಾರೆ. ನಾನೋ ಹುಟ್ಟಾ ಒಂದೇ ಉದ್ದ ಸೀರೆಯವಳು. ಅಷ್ಟು ಜನರ ನಡುವೆ ಎರಡರಲ್ಲೊಂದು ತುಂಡು ನನ್ನನ್ನು ಬಿಟ್ಟು ಹೊರಟರೆ? ಯಾರಿಗೂ ಹೇಳದೆ ಮನೆಯಲ್ಲಿ ಕೂತು, ನೇರಿಯದನ್ನು ಮುಂಡಿಗೆ ಸೇರಿಸಿ, ಜೋಡಿ ದಾರದಲ್ಲಿ, ಒತ್ತೊತ್ತಾಗಿ ಹೊಲಿದುಬಿಟ್ಟೆ. ಅಂದು ನೆಮ್ಮದಿಯಾಗಿ ನಿದ್ದೆ ಬಂತು.

ಪೊಂಗಾಲದ ಹಿಂದಿನ ದಿನವೇ ತಿರುವನಂತಪುರಕ್ಕೆ ಹೋಗಿ ಇಟ್ಟಿಗೆ ಇಟ್ಟು ಜಾಗ ಹಿಡಿದೆವು. ಬೆಳಿಗ್ಗೆ ಹೊಸ ಬಟ್ಟೆಯಲ್ಲಿ, ಮಣ್ಣಿನ ಗಡಿಗೆಯ ಮುಂದೆ, ಕಾದ ಡಾಂಬರಿನ ಮೇಲೆ ಕೂತೆವು. ದೇವಸ್ಥಾನದಲ್ಲಿ ಹಚ್ಚಿದ ಬೆಂಕಿ ಒಲೆಯಿಂದ ಒಲೆಗೆ ದಾಟಿ ಬರುತ್ತದೆ. ಎಡಗಡೆಯ ಅಪರಿಚಿತೆ ನನಗೆ ಕೊಟ್ಟಳು, ನಾನು ಬಲಗಡೆ ಚೇಚಿಗೆ ಕೊಟ್ಟೆ. ಕಣ್ಣು ಕಾಣದಷ್ಟು ಹೊಗೆ, ಆ ಹೊಗೆಯೊಳಗಿಂದ ನಗು. ನನ್ನ ಚಿಂತೆ ಅಕ್ಕಿ ಬೇಯುತ್ತದೋ ಇಲ್ಲವೋ ಎಂಬುದಾಗಿತ್ತು. ಒಣ ತೆಂಗಿನ ಗರಿಯನ್ನು ಒಲೆಗೆ ತುರುಕಿ, ಇನ್ನೊಂದನ್ನು ತುರುಕಿ, ಇನ್ನೂ ಒಂದನ್ನು ತುರುಕಿದೆ. ಒಲೆ ಭುಗ್ಗೆಂದಿತು. ಕಿಡಿ ಬಂದು ನೇರಿಯದಿನ ತುದಿಯಲ್ಲಿ ಕೂತಿತು.

ಚೇಚಿ ಕಂಡವರೇ ಆ ತುದಿ ಹಿಡಿದು ಎಳೆದರು. ಯಾರದೇ ಆಗಿದ್ದರೂ ಅದು ಬಿಚ್ಚಿ ಕೈಗೆ ಬರುತ್ತಿತ್ತು. ನನ್ನದು ಬರಲಿಲ್ಲ, ಮುಂಡಿನ ಸಮೇತ ನಾನೇ ಬಂದೆ.

"ಎಡೀ!" ಎಂದು ಇಡೀ ರಸ್ತೆಗೆ ಕೇಳುವಂತೆ ಚೇಚಿ ಕೂಗಿದರು. "ಬಿಡೆಡೀ ಅದನ್ನ!"

"ಬಿಡಲಿಕ್ಕೆ ಬರೋದಿಲ್ಲ ಚೇಚಿ, ಹೊಲಿದಿದೀನಿ!"

ಅಕ್ಕಿ ತೊಳೆದ ನೀರು ಪೂರ್ತಿ ನನ್ನ ಮೇಲೆ ಬಿತ್ತು. ಕಿಡಿ ಆರಿತು. ಬಟ್ಟೆಯಲ್ಲಿ ಎರಡು ಬೆರಳು ಹೋಗುವಷ್ಟು ತೂತು. ನನಗೆ ಏನೂ ಆಗಿರಲಿಲ್ಲ. ಚೇಚಿ ಹೊಲಿಗೆಯನ್ನು ಕಣ್ಣ ಹತ್ತಿರ ಹಿಡಿದು ನೋಡಿದರು.

"ಸೆಟ್ಟು ಮುಂಡನ್ನು ಯಾರಾದರೂ ಹೊಲೀತಾರೇನೆಡೀ? ನಿನಕ್ಕ್ ಬುದ್ಧಿ ಇಲ್ಲೇ? ಕತ್ತರಿ ಎಲ್ಲಿ?"

"ಚೀಲದ ಜೇಬಿನಲ್ಲಿ."

"ಯಾವ ಜೇಬು?"

ಅದು ನನಗೂ ಗೊತ್ತಿರಲಿಲ್ಲ. ಚೇಚಿ ಒಂದೊಂದಾಗಿ ತೆಗೆದು ರಸ್ತೆಯಲ್ಲಿ ಹರಡಿದರು. ಮಾತ್ರೆ. ಮೋಡದ ಚೂರೂ ಇಲ್ಲದ ಆಕಾಶದ ಕೆಳಗೆ ಮಳೆಕೋಟು. ಟಾರ್ಚು. ಇನ್ನೊಂದು ಟಾರ್ಚು.

"ಎರಡನೆಯದು ಯಾಕೆ?"

"ಮೊದಲನೆಯದು ಕೆಟ್ಟರೆ."

ಎಡಗಡೆಯ ಅಪರಿಚಿತೆ ನಗುತ್ತ ತನ್ನ ಒಲೆಯನ್ನೇ ಮರೆತಳು. ಕತ್ತರಿ ಸಿಗಲಿಲ್ಲ. ಚೇಚಿ ಹಲ್ಲಿನಿಂದ ದಾರ ಕಡಿದು, ಎರಡು ತುಂಡುಗಳನ್ನು ಬೇರೆ ಮಾಡಿ, ನನ್ನನ್ನು ಬುಗುರಿಯಂತೆ ತಿರುಗಿಸಿ ಸರಿಯಾಗಿ ಉಡಿಸಿದರು. ಉಡಿಸುವಷ್ಟು ಹೊತ್ತೂ ಬೈದರು. ತೋಳಿನ ವಿಷಯವೂ ಆಗಲೇ ಹೊರಬಂತು: "ಎರಡು ಎಡಗೈ ಇರುವವಳಿಗೆ ಹೊಲಿದದ್ದೇನೆಡೀ ಆ ರವಿಕೆ?" ನಾನು ಪುಣ್ಯ ಮಾಡಿದವಳಂತೆ ನಿಂತು ಕೇಳಿಸಿಕೊಂಡೆ. ಅಷ್ಟರಲ್ಲಿ ನನ್ನ ಗಡಿಗೆ ಉಕ್ಕಿತು. ಸಾಲಿನುದ್ದಕ್ಕೂ ಹೆಂಗಸರು ಕುರವೆ ಹಾಕಿದರು. ನಾಲಿಗೆ ಹೊರಳಿಸಿ ಮಾಡುವ ಆ ಶುಭದ ಕೂಗು ನನಗೆ ಬಾರದು. ಆದರೂ ಬಾಯಿ ತೆರೆದೆ. ಬಂದದ್ದು ಕೆಮ್ಮು.

ಸಂಜೆಯ ರೈಲಿನಲ್ಲಿ ಎಲ್ಲರೂ ಹೊಗೆಯ ವಾಸನೆ ಹೊತ್ತು, ಮಡಿಲಲ್ಲಿ ಗಡಿಗೆ ಇಟ್ಟುಕೊಂಡು ಕೂತಿದ್ದೆವು. ಧಾರವಾಡದಿಂದ ತಂಗಿ ಶಶಿಕಲಾ ಫೋನು ಮಾಡಿದಳು. ಬೆಂಕಿ, ಹೊಲಿಗೆ, ಬೈಗುಳ ಎಲ್ಲ ಉಬ್ಬಿ ಉಬ್ಬಿ ಹೇಳಿದೆ. ಅವಳು ಕೆರಳಿದಳು.

"ನಮ್ಮಕ್ಕಗ ಬೈಯಾಕ ಆಕಿ ಯಾರು? ಬೈಯೋರು ನಾವಿಲ್ಲೇನು?"

ದನಿ ಡಬ್ಬಿಗೆಲ್ಲ ಕೇಳಿತು. ಏನು ಹೇಳುತ್ತಿದ್ದಾಳೆ ಎಂದು ಚೇಚಿ ಕೇಳಿದರು. ಇದ್ದದ್ದು ಇದ್ದಂತೆ ಹೇಳಿದೆ. ಅವರು ಫೋನು ಕಿತ್ತುಕೊಂಡರು.

"ಹಲೋ! ನಿನ್ನ ಚೇಚಿಕ್ಕ್ ಬುದ್ಧಿ ಇಲ್ಲ!"

ಆ ಕಡೆ ಶಶಿಕಲಾ ಪಕ್ಕನೆ ನಕ್ಕಳು. ಆಮೇಲೆ, "ಹೌದ್ರೀ! ಸಣ್ಣಾಕಿದ್ದಾಗಿಂದನೂ ಇಲ್ಲರೀ!"

ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಮುಂದುವರಿದರು. ಇವಳನ್ನು ಬಂದು ಕರೆದುಕೊಂಡು ಹೋಗು ಎಂದು ಇವರು. ನೀವ ಇಟ್ಕೋರಿ ನಮಗ್ಯಾಕ್ರೀ ಎಂದು ಅವಳು. ಎರಡು ಊರುಗಳು ನನ್ನನ್ನು ತಳ್ಳಾಡುತ್ತಿದ್ದರೆ, ನಡುವೆ ಕೂತು ಗಡಿಗೆಯ ಪಾಯಸ ತಿಂದೆ. ಬುದ್ಧಿ ತಿಳಿದಾಗಿನಿಂದ ಮೊದಲ ಬಾರಿಗೆ, ಹುಡುಕಿದರೂ ನನಗೊಂದು ಚಿಂತೆ ಸಿಗಲಿಲ್ಲ.

ಕೊಲ್ಲಂ ದಾಟುವಷ್ಟರಲ್ಲಿ ಸಿಕ್ಕಿತು. ಮುಂದೆ ಒಂದು ದಿನ, ನಾನೇ ಅರ್ಜಿ ಹಾಕಿ ಕೇಳಿಕೊಂಡ ಹಾಗೆ, ಧಾರವಾಡಕ್ಕೆ ವರ್ಗವಾಗಿಬಿಟ್ಟರೆ, ಅಲ್ಲಿ ನನ್ನನ್ನು ಎಡೀ ಎಂದು ಕರೆಯುವವರು ಯಾರು?